ಕಾಯಿಸದ ಹಾಲು

ನಗು, ನಗಮ್ಮ. ಇಷ್ಟು ಓದಿಸಿದ್ದು ಮೇಕೆಗೆ ರಕ್ತಪರೀಕ್ಷೆ ಮಾಡಿಸು ಅಂತ ಹೇಳಿಸಿಕೊಳ್ಳೋದಕ್ಕಾ ಅಂತ ತಾನೇ? ಹೌದು, ಹಾಗೇ ಇಟ್ಕೋ. ನನ್ನ ಪದವಿ ಬೇರೆ ಯಾವುದಕ್ಕೂ ಬರಲಿಲ್ಲ, ಇದಕ್ಕಾದರೂ ಬರಲಿ. ಆದರೆ ಆ ಲೋಟ ಕೆಳಗಿಡು. ನನಗೂ ಬೇಡ, ನಿನಗೂ ಬೇಡ. ಇಡಮ್ಮ! ನೊರೆ ಆರೋದರೊಳಗೆ ಕುಡೀಬೇಕು ಅಂತ ನಿನಗೆ ಹೇಳಿದ್ದು ಯಾರು? ನಿನ್ನಮ್ಮ. ಅವರಿಗೆ? ಅವರಮ್ಮ. ಇಷ್ಟು ಜನ ಅಮ್ಮಂದಿರ ಎದುರಿಗೆ ಒಬ್ಬ ಮಗ ಏನು ವಾದ ಮಾಡಲಿ!

ಸರಿ. ಕೋಪ ಇಲ್ಲದೆ, ಕ್ರಮವಾಗಿ ಹೇಳ್ತೀನಿ. ಮೇಕೆಗೆ ಒಂದು ರೋಗ ಬರುತ್ತೆ. ನೋಡಿದರೆ ಗೊತ್ತಾಗಲ್ಲ. ಮೇಯುತ್ತೆ, ಮೆಲುಕು ಹಾಕುತ್ತೆ, ಕೆಚ್ಚಲು ತುಂಬ ಹಾಲು ಕೊಡುತ್ತೆ, ನಿನ್ನ ಸೆರಗೂ ಜಗಿಯುತ್ತೆ. ಹೆಚ್ಚೆಂದರೆ ದಿನ ತುಂಬೋ ಮೊದಲೇ ಒಮ್ಮೆ ಕಂದು ಹಾಕುತ್ತೆ, ಅಷ್ಟೇ. ಆ ರೋಗ ಹಾಲಿಗೆ ಇಳಿಯುತ್ತೆ, ಹಾಲಿನಿಂದ ಕುಡಿದವರಿಗೆ. ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗೋ ಬೆವರು, ಸೊಂಟ ಕಳಚಿಬಿತ್ತೇನೋ ಅನ್ನೋ ನೋವು... ಬೆಳಿಗ್ಗೆ ಎದ್ದರೆ ಏನೂ ಇಲ್ಲ. ಸೋಮಾರಿ ಅಂತ ಬೈಸಿಕೊಳ್ಳೋದಕ್ಕೆ ಹೇಳಿ ಮಾಡಿಸಿದ ರೋಗ!

ಪುಸ್ತಕದಲ್ಲಿದೆ ಅಮ್ಮ. ಪುಸ್ತಕದಲ್ಲಿ ಓದಿದ್ದು. ಯಾಕೆ ಹಾಗೆ ನೋಡ್ತೀಯ?

ಕಾಯಿಸಿದರೆ ಸತ್ವ ಹೋಗುತ್ತಾ? ಹೋಗಲಿ! ಮಧ್ಯಾಹ್ನ ಅಕ್ಕ ಬರ್ತಾಳೆ, ಮಗೂನೂ ಕರ್ಕೊಂಡು ಬರ್ತಾಳೆ. ನೀನಾಗಲೇ ಅದರ ಬಟ್ಟಲು ತೊಳೆದಿಟ್ಟಿದ್ದೀಯ. ನನಗೆ ಬೇಕಾಗಿರೋದು ಇಷ್ಟೇ: ಪರೀಕ್ಷೆ ಆಗದ ಮೇಕೆಯ ಹಾಲು ಆ ಬಟ್ಟಲಿಗೆ ಬೀಳಬಾರದು. ಪಶು ಆಸ್ಪತ್ರೆಯಲ್ಲಿ ಮೇಕೆ ಅಂದರೆ ಯಾರೂ ಮುಖ ಎತ್ತಲ್ಲ. "ಹಸು ಇದ್ದರೆ ಹೇಳಿ, ಬರ್ತೀವಿ" ಅಂದರು. ಅಂದರು ಅಂದರೆ... ಅಂತಾರಂತೆ.

ಒಪ್ಪಲ್ವಾ? ಹೋಗಲಿ. ಮೂರು ಮೇಕೆಯಲ್ಲಿ ಆ ಎರಡರ ಹಾಲು ಚೆನ್ನಾಗಿ ಕುದಿಸಿ ಕೊಡು. ಚುಕ್ಕೀದು ಮಾತ್ರ ಕುದಿಸಿದರೂ ಬೇಡ.

ಯಾಕೆ ಚುಕ್ಕಿ? ಯಾಕೂ ಇಲ್ಲ. ಬಾಯಿಗೆ ಬಂದ ಹೆಸರು.

ಅದರ ಕುತ್ತಿಗೆ ಯಾಕೆ ತಡವ್ತಿದ್ದೀಯ? ಅಲ್ಲಿ ಕೂದಲು... ಹಗ್ಗ ಉಜ್ಜಿರಬೇಕು. ಇಷ್ಟು ಚೌಕವಾಗಿ ಯಾವ ಹಗ್ಗ ಉಜ್ಜುತ್ತೆ ಅಂತೀಯಾ? ಹೌದು, ಕತ್ತರಿ. ಸೂಜಿ ಚುಚ್ಚೋ ಮೊದಲು ಕೂದಲು ಕತ್ತರಿಸ್ತಾರೆ. ನೀನು ಅಕ್ಕನ ಮನೆಗೆ ಹೋಗಿದ್ದಾಗ ಬೇರೆ ಡಾಕ್ಟರನ್ನ ಕರೆಸಿ ಮೂರಕ್ಕೂ ಮಾಡಿಸಿದೆ. ಎರಡಕ್ಕೆ ಏನೂ ಇಲ್ಲ.

ಔಷಧಿ ಇಲ್ಲಮ್ಮ. ಮನುಷ್ಯರಿಗಿದೆ, ವಾರಗಟ್ಟಲೆ ಮಾತ್ರೆ. ಮೇಕೆಗೆ ಕೊಡಲ್ಲ. ಮೇಕೇನ ಮಂದೆಯಿಂದ ತೆಗೀಬೇಕಂತೆ. ತೆಗೆಯೋದು ಅಂದರೆ ಮಾರೋದಲ್ಲ... ಅರ್ಥವಾಯ್ತಲ್ಲ?

ಇಲ್ಲ, ಮನೇಲಿ ಯಾರಿಗೂ ಬಂದಿಲ್ಲ. ಸುಮ್ಮನೆ ಅನುಮಾನ ಬಂತು, ಮಾಡಿಸಿದೆ. ಅಷ್ಟೇ ಅಂತ ಹೇಳ್ತಿಲ್ವಾ! ಯಾಕೆ ಎದ್ದೆ? ಕೈ ತೆಗಿ. ಹಣೆ ಮುಟ್ಟಿ ಏನು ನೋಡ್ತೀಯ, ಬೆಳಿಗ್ಗೆ ಹೊತ್ತು ಬಿಸಿ ಇರಲ್ಲ...

ಅಮ್ಮ.

ಏನಾದರೂ ಅನ್ನು. ಸೋಮಾರಿ ಅನ್ನು, ನಿನ್ನೆ ಅಂದೆಯಲ್ಲ. ದಿನಾ ಮೊದಲ ಲೋಟ ಹಾಸಿಗೆ ಹತ್ತಿರ ತಂದಿಟ್ಟವಳು ನೀನು ಅಂತ ನಾನು ಅಂದೆನಾ? ಒಮ್ಮೆಯಾದರೂ? ಅದೊಂದನ್ನ ಹೇಳಬಾರದು ಅಂತಾನೇ ಇಷ್ಟೆಲ್ಲ... ಮಾತ್ರೆ ಶುರು ಮಾಡಿದ್ದೀನಮ್ಮ. ಜ್ವರ ಬಿಡುತ್ತಂತೆ. ನಾಳೆ ನೀನೂ ಬಾ, ನಿನ್ನ ರಕ್ತಾನೂ ಕೊಡೋಣ.



ಚುಕ್ಕಿ ಕೂಗ್ತಿದೆ. ಕೆಚ್ಚಲು ಬಿಗಿದಿದೆ. ಕರೀದೇ ಬಿಟ್ಟರೆ ಅದಕ್ಕೆ ನೋವು, ನೀನೇ ಹೇಳ್ತಿದ್ದೆ. ಕರೆದು... ಎಲ್ಲಿ ಚೆಲ್ಲೋದು? ಅದನ್ನ ನಾನು ಕೇಳ್ಕೊಂಡು ಬರಲಿಲ್ಲ ಅಮ್ಮ.