ಬಾವಿಯ ಹತ್ತಿರ ಕಾಯುವ ಗಾಡಿ

ಮನೆ ದಾರಿಯಲ್ಲಿನ ಆ ಬಾವಿ ದಾಟುವಾಗ ಅಕ್ಕ ತಲೆ ಎತ್ತುತ್ತಿರಲಿಲ್ಲ. ಹೆದರಿಕೆಗಲ್ಲ... ಕತ್ತು ಎತ್ತುವಷ್ಟು ತ್ರಾಣ ಉಳಿದಿರುತ್ತಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಸಂಜೆ ಪಾಳಿ. ಒದ್ದೆ ಹೊದಿಕೆಗಳನ್ನು ಎತ್ತಿ ಎತ್ತಿ ಭುಜ ಸೋತಿರುತ್ತಿತ್ತು. ನನ್ನ ದೊಡ್ಡಮ್ಮನ ಮಗಳು ಅವಳು. ಅವಳ ಬಾಯಿಂದ ಕೇಳಿದ್ದನ್ನೇ ಹೇಳುತ್ತಿದ್ದೇನೆ.

ಒಂದು ರಾತ್ರಿ ಗಾಡಿ ತಳ್ಳಿಕೊಂಡು ಬರುತ್ತಿದ್ದಳು. ಅವಳ ಮಾವನ ಕ್ವಾಡ್ ಬೈಕು. ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲ್, ಹಿಂದೆ ಇನ್ನೊಬ್ಬರಿಗೆ ಸೀಟು, ಹಳೇ ಟೂ-ಸ್ಟ್ರೋಕ್ ಇಂಜಿನ್. ಮಾವನಿಗೆ ಮಂಡಿ ನೋವು, ನಾಲ್ಕು ಹೆಜ್ಜೆ ಹಾಕುವುದೂ ಕಷ್ಟ. ಆದರೂ ದಿನಾ ರಾತ್ರಿ ಅದರಲ್ಲಿ ಬಾವಿಯ ತನಕ ಬಂದು, ಇಂಜಿನ್ ಆರಿಸದೆ ಸೊಸೆಗಾಗಿ ಕಾಯುತ್ತಿದ್ದರು. ಕತ್ತಲಲ್ಲಿ ಆ ಸದ್ದು ಕೇಳಿದರೆ ಅವಳಿಗೆ ಹೋದ ಜೀವ ಬಂದಂತೆ. ಗಂಡ ಲಾರಿ ಓಡಿಸುತ್ತಾ ಊರೂರು ಸುತ್ತುವವನು. ಮನೆಯಲ್ಲಿ ಇದ್ದದ್ದು ಇವರಿಬ್ಬರೇ.

ಮಾವ ತೀರಿಹೋದ ಮೇಲೆ ಅಕ್ಕ ಗಾಡಿ ಓಡಿಸುವುದನ್ನು ಕಲಿತಳು. ಆದರೆ ಆಕ್ಸಿಲರೇಟರ್ ಬಿಟ್ಟರೆ ಸಾಕು... ಪಟ್, ಪಟ್ಟಟ್, ಪುಸ್ಸ್. ಆರಿಹೋಗುತ್ತಿತ್ತು. ಆಮೇಲೆ ಕಿಕ್ ಹೊಡೆದು ಹೊಡೆದು ಕಾಲು ಬಿದ್ದುಹೋಗಬೇಕು. ಅದಕ್ಕೇ ಆವತ್ತು ತಳ್ಳುತ್ತಿದ್ದದ್ದು.

ಬಾವಿಯ ಹತ್ತಿರ ಸುಧಾರಿಸಿಕೊಳ್ಳಲು ನಿಂತಳು. ರಾಟೆ ಗಾಳಿಗೆ ಕಿರ್ರ್ ಅಂದಿತು. ಆಮೇಲೆ...

ಪಟ್. ಪಟ್. ಪಟ್. ಪಟ್.

ಇಂಜಿನ್ ತಾನೇ ಶುರುವಾಗಿತ್ತು. ಒಂದೇ ತಾಳ, ಎಲ್ಲೂ ತಡವರಿಕೆಯಿಲ್ಲ. ಓಡಿಹೋಗೋಣವೆಂದರೆ ಅವಳಿಗೆ ಅದಕ್ಕೂ ಸುಸ್ತು. ಹತ್ತಿ ಕೂತಳು. ಮನೆಯ ಗೇಟಿನ ಹತ್ತಿರ ಬಂದದ್ದೇ, ಮತ್ತೆ ಪುಸ್ಸ್.

ಮಾರನೆಯ ದಿನ ಮೆಕ್ಯಾನಿಕ್ ಹತ್ತಿರ ಬಿಟ್ಟಳು. ನಿದ್ದೆಗೆಟ್ಟವರಿಗೆ ಹಾಗೆಲ್ಲ ಕೇಳಿಸುತ್ತದೆ ಅಂತ ಅವನು ಆಕಳಿಸುತ್ತಲೇ ಹೇಳಿದನಂತೆ. ಹಳೇ ಪೆಟ್ರೋಲ್ ಚೆಲ್ಲಿದ. ಎಣ್ಣೆ ಕಟ್ಟಿ ಕಪ್ಪಾಗಿದ್ದ ಪ್ಲಗ್ ಬದಲಾಯಿಸಿದ. ಕಾರ್ಬುರೇಟರ್ ಬಿಚ್ಚಿ, ಐಡ್ಲಿಂಗ್‌ಗೆ, ಅಂದರೆ ಆಕ್ಸಿಲರೇಟರ್ ಬಿಟ್ಟಾಗಲೂ ಇಂಜಿನ್ ಓಡುತ್ತಿರಲು, ಪೆಟ್ರೋಲ್ ಹೋಗುವ ಕೂದಲೆಳೆಯಂಥ ತೂತನ್ನು ಊದಿ ಊದಿ ಬಿಡಿಸಿದ. ಎಲ್ಲಾದರೂ ಗಾಳಿ ಎಳೆಯುತ್ತಿದೆಯಾ ಅಂತ ಕಾರ್ಬುರೇಟರ್ ಕೂರಿಸುವ ರಬ್ಬರಿನ ಸುತ್ತ ಸ್ಪ್ರೇ ಹೊಡೆದು, ಸದ್ದು ಏರುತ್ತದಾ ಅಂತ ಕಿವಿಗೊಟ್ಟ. ಏರಲಿಲ್ಲ. ಐಡ್ಲಿಂಗ್ ಸ್ಕ್ರೂ ಬಿಗಿಸಿದರೆ ಕಿರುಚುತ್ತದೆ, ಸಡಿಲಿಸಿದರೆ ಸಾಯುತ್ತದೆ. ಅಕ್ಕ ಪಾಳಿಗೆ ಹೊರಡುವ ಹೊತ್ತಿಗೆ ಅವನೂ ಸೋತ.

"ಗಾಡೀಲಿ ಏನೂ ತಪ್ಪಿಲ್ಲ ಅಕ್ಕ. ನಿಮ್ಮ ಬಾವಿಯನ್ನೇ ನೋಡಿಬಿಡೋಣ."

ಪಾಳಿ ಮುಗಿಸಿಕೊಂಡು ಅಕ್ಕ ಬಂದಳು. ಇಬ್ಬರೂ ಬಾವಿಯ ತನಕ ಗಾಡಿ ತಳ್ಳಿದರು. ನಿಂತರು. ಜೀರುಂಡೆ ಸದ್ದು ಥಟ್ಟನೆ ನಿಂತಿತು...

ಪಟ್. ಪಟ್. ಪಟ್.

ಮೆಕ್ಯಾನಿಕ್ ಬಗ್ಗಿ ಪೆಟ್ರೋಲ್ ಮುಚ್ಚಿದ. ಓಡುತ್ತಲೇ ಇತ್ತು. ಪ್ಲಗ್ಗಿನ ತಂತಿ ಕಿತ್ತ. ತಂತಿ ಅವನ ಕೈಯಲ್ಲಿ... ಇಂಜಿನ್ ಓಡುತ್ತಲೇ ಇತ್ತು.

"ಅಕ್ಕ..." ಪಿಸುಗುಟ್ಟಿದ. "ಇದಕ್ಕೆ ಕರೆಂಟೇ ಹೋಗ್ತಿಲ್ಲ."

ಮಾವ ಹೋದ ರಾತ್ರಿ ಮುಂದಿನ ಪಾಳಿಯವಳು ಬಾರದೆ ಅಕ್ಕ ಬೆಳಗಿನ ತನಕ ಲಾಂಡ್ರಿಯಲ್ಲೇ ದುಡಿದಿದ್ದಳು. ಅವರು ಇಲ್ಲಿ ಕಾದೂ ಕಾದೂ, ವಾಪಸ್ಸು ಹೋಗಿ ಮಲಗಿದವರು ಏಳಲೇ ಇಲ್ಲ.

ಅಕ್ಕ ಹ್ಯಾಂಡಲ್ ಮೇಲೆ ಕೈಯಿಟ್ಟಳು.

"ಬಂದೆ ಮಾವ... ತಡ ಆಯ್ತು. ನಡೀರಿ, ಮನೆಗೆ ಹೋಗೋಣ."

ಪಟ್... ಪಟ್...... ನಿಂತಿತು.

ಮೆಕ್ಯಾನಿಕ್ ತಂತಿ ಸಿಕ್ಕಿಸಿ, ಪೆಟ್ರೋಲ್ ತೆರೆದು ಕಿಕ್ ಹೊಡೆದ. ಮೊದಲ ಏಟಿಗೇ ಹೊತ್ತಿತು. ಅಂದಿನಿಂದ ಇಂದಿನವರೆಗೆ ಅದರ ಐಡ್ಲಿಂಗ್ ಎಲ್ಲೂ ಕೈಕೊಟ್ಟಿಲ್ಲ. ಅವನು ಮಾತ್ರ ಆ ದಾರಿ ಹಿಡಿದದ್ದಿಲ್ಲ.

ಅಕ್ಕ ಈಗಲೂ ಅದರಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಪಾಳಿ ಮುಗಿಯುವ ತನಕ ಗಾಡಿ ಹೊರಗೆ ಇಬ್ಬನಿಯಲ್ಲಿ ನಿಂತಿರುತ್ತದೆ. ಹೊರಡುವಾಗ ತಾನು ಕೂರುವ ಜಾಗವನ್ನಷ್ಟೇ ಒರೆಸಿಕೊಳ್ಳುತ್ತಾಳೆ. ಹಿಂದಿನ ಸೀಟು ಒರೆಸುವಷ್ಟು ಶಕ್ತಿ ಎಲ್ಲಿಂದ ಬರಬೇಕು? ಮನೆ ಮುಟ್ಟುವಾಗ ಅದೂ ಒಣಗಿರುತ್ತದೆ.

ಗಾಳಿಗೆ ಒಣಗಿರುತ್ತದೆ ಅಂತೀರಿ. ನಾನೂ ಹಾಗೇ ಅಂದಿದ್ದೆ. ಸುಳ್ಳು ಹೇಳಿ ನನಗೇನಾಗಬೇಕು... ಒಂದು ರಾತ್ರಿ ಅವಳು ಗೇಟಿನೊಳಗೆ ಬಂದು ಇಳಿದ ಕೂಡಲೇ, ಆ ಹಿಂದಿನ ಸೀಟಿನ ಮೇಲೆ ನಾನೇ ಕೈಯಿಟ್ಟು ನೋಡಿದ್ದೇನೆ.

ಬೆಚ್ಚಗಿತ್ತು.