ಹೊಟ್ಟೆ ತುಂಬ ಉಂಡ ಸೊಸೆ

ಮೂಳೆ ಡಾಕ್ಟರ ಬಾಗಿಲ ಮುಂದೆ ಕಾಯುತ್ತಿದ್ದ ಟೀಚರ ಕಿವಿಗೆ ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತು ಬಿತ್ತು.

"ನಿಮ್ಮತ್ತೆ ಬಚ್ಚಲಲ್ಲಿ ಬಿದ್ದಾಗ ನೀನು ಎತ್ತಲಿಲ್ವಾ ಅಕ್ಕ?"

"'ನಾನು ಡ್ರಮ್ಮಲ್ವಾ ಅತ್ತೆ, ಬಗ್ಗೋಕಾಗಲ್ಲ' ಅಂದೆ. ಮದುವೆಯಾದಾಗಿಂದ ಅವರೇ ಕರೀತಿದ್ದ ಹೆಸರು ತಾನೆ?"

"ಅಯ್ಯೋ! ಆಮೇಲೆ?"

"ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು, ತಟ್ಟೆ ತುಂಬ ಬಡಿಸ್ಕೊಂಡು ಉಂಡೆ. ಅವರು ನೋಡ್ತಾನೇ ಇದ್ರು. ಅವರ ಕಣ್ಣೆದುರು ನಾನು ಹೊಟ್ಟೆ ತುಂಬ ಉಂಡಿದ್ದು ಅವತ್ತೇ ಮೊದಲು."

"ಪಾಪ ಅನ್ನಿಸ್ಲಿಲ್ವಾ?"

"ಇಲ್ಲ. ಕೈ ತೊಳ್ಕೊಂಡು ಬಂದು ಹೂವಿನ ಹಾಗೆ ಎತ್ತಿದೆ."

ಒಳಗಿಂದ ಮುದುಕಿಯ ದನಿ ಬಂತು. "ಮಗಳೇ, ಬಾಮ್ಮ! ಈ ನರ್ಸ್ ಕೈಲಿ ಆಗ್ತಿಲ್ಲ, ನೀನೇ ಎತ್ತು."

"ಕೇಳಿದ್ಯಾ? ಈಗ ಮಗಳಂತೆ!" ಎನ್ನುತ್ತ ಅಕ್ಕ ಅವಸರವಿಲ್ಲದೆ ಎದ್ದಳು. ತಂಗಿಯೂ ಹಿಂದೆಯೇ ಹೋದಳು.

ಅಷ್ಟು ಹೊತ್ತೂ ಹೊಟ್ಟೆ ಒಳಗೆಳೆದುಕೊಂಡು ಕೂತಿದ್ದ ಟೀಚರು ನಿಧಾನವಾಗಿ ಉಸಿರು ಬಿಟ್ಟರು.