ಇಡ್ಲಿ ಗಾಡಿಯ ತೂಕ

ಕಾಡುಗೋಡಿಯ ವೇಬ್ರಿಡ್ಜ್ ಮುಂದೆ ನಮ್ಮ ಲಾರಿಗಳೆಲ್ಲ ಸಾಲಾಗಿ ನಿಂತಿದ್ದವು. ಪಿಕಪ್‌ಗೆ ಹೊಸ ಇಡ್ಲಿ ಗಾಡಿ ಕಟ್ಟಿಕೊಂಡು ಗಂಡ ಹೆಂಡತಿ ಬಂದಿದ್ದರು. ಗಾಡಿಯನ್ನು ತೂಗಿಸಿದ ಗಂಡ ತೂಕದ ಚೀಟಿ ಹಿಡಿದು ಹೆಂಡತಿಯ ಬಳಿ ಬಂದ.

“ವೇಣಿ, ಗಾಡಿ ತೂಕ ಜಾಸ್ತಿ ಬಂದೈತೆ. ಇಂಗಾದ್ರೆ ಆರ್‌ಟಿಒನವ್ರು ಪಾಸ್ ಮಾಡಲ್ಲ. ನಾಳೆ ಹೂಡೀಲಿ ಅಂಗಡಿ ತೆಗ್ದಂಗೇ!”

“ಖಾಲಿ ಗಾಡಿ ಅಲ್ವೇನ್ರೀ?”

“ಗಾಡೀಲಿರೋ ಡ್ರಮ್ ತುಂಬ ನೀರೈತಲ್ಲೇ!”

“ಬೆಳಿಗ್ಗೆ ನಲ್ಲೀಲಿ ಬಂತು. ಹಿಡೀದೆ ಬಿಡಕ್ಕಾಗುತ್ತಾ?”

“ತೂಕಕ್ಕೆ ಬರೋವಾಗ್ಲೂನಾ? ಚೆಲ್ಲು.”

“ಕಾವೇರಿ ನೀರು ಕಣ್ರೀ. ಚೆಲ್ಲಲ್ಲ.”

“ಮತ್ತೆ ಅಷ್ಟೂ ನಾನೇ ಕುಡೀಲಾ?”

ಆಕೆ ನಮ್ಮ ಕಡೆ ತಿರುಗಿದಳು. “ಅಣ್ಣಾ, ಎಲ್ರೂ ಕ್ಯಾನು ತನ್ನಿ!”

ಲಾರಿಯವರ ಸಾಲಿಗೆ ಸಾಲೇ ಕ್ಯಾನು ಹಿಡಿದು ಮುಂದೆ ಬಂತು. ಡ್ರಮ್ ಬರಿದಾದ ಮೇಲೆ ಗಾಡಿಯನ್ನು ಮತ್ತೆ ತೂಗಿದರು. ಗಂಡ ಹೊಸ ಚೀಟಿ ನೋಡಿ ನಕ್ಕ.

“ಸರಿಯಾಯ್ತು. ಹತ್ತು, ಹೋಗೋಣ.”

ಪಿಕಪ್ ಹೊರಟಿತು. ಆಕೆ ಕಿಟಕಿಯಿಂದ ಕೂಗಿದಳು.

“ಅಣ್ಣಾ, ನಾಳೆ ಹೂಡಿಗೆ ಇಡ್ಲಿಗೆ ಬನ್ನಿ. ನೀರು ನೀವೇ ತನ್ನಿ!”